ಸ್ವೆಟರ್ ಜೇಬಿನಲ್ಲಿಟ್ಟ ಟ್ರಾನ್ಸಿಸ್ಟರ್

ಕಳೆದ ವಾರ ಮಸಿನಗುಡಿ ಹತ್ತಿರದ ಒಂದು ಆನೆಬೇಲಿಯ ಫೋಟೋ ಹಾಕಿದ್ದೆ. ಅದರ ಕೆಳಗೆ ಒಬ್ಬರು, ಇಷ್ಟು ತೆಳ್ಳಗಿನ ತಂತಿಗೆ ಆನೆ ಹೆದರುತ್ತದೆಯೇ ಮೇಡಂ ಎಂದು ಕೇಳಿದ್ದರು. ಹೆದರುತ್ತದೆ. ತಂತಿಗಲ್ಲ, ತಂತಿಯ ತುದಿಯಲ್ಲಿ ಗೋಡೆಗೆ ನೇತುಹಾಕಿರುವ ಪೆಟ್ಟಿಗೆಗೆ. ಅದು ಟಿಕ್, ಟಿಕ್ ಎನ್ನುತ್ತಿರುವವರೆಗೆ ಆನೆ ಆಚೆ, ನಾವು ಈಚೆ. ನಿಂತರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮಕ್ಕನ ಮನೆಯ ಜಗಲಿಯಲ್ಲಿ ಕೂತು ನೋಡಿದ್ದೇನೆ. ಕಾಮೆಂಟಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ, ಅದು ನಿಮಗೆ ಗೊತ್ತೇ ಇದೆ.

ತೊಂಬತ್ತರ ದಶಕದ ಕೊನೆಯ ಮಾತು. ಊಟಿಯಲ್ಲಿ ಮಾರ್ಕೆಟ್ಟಿನಿಂದ ಕೆಳಗೆ, ತರಕಾರಿ ಮಂಡಿಯ ಹಿಂದಿದ್ದ ಒಂದು ತಗಡಿನ ಶೆಡ್ಡಿನಲ್ಲಿ ನಮ್ಮಣ್ಣ ಈ ಬೇಲಿ ಪೆಟ್ಟಿಗೆಗಳನ್ನು ಮಾಡುತ್ತಿದ್ದ. ಮೊದಲು ರೇಡಿಯೋ ರಿಪೇರಿ ಮಾಡಿದ, ಆಮೇಲೆ ಟೀವಿ, ಆಮೇಲೆ ಇದು. ಬೆಸುಗೆ ಹಾಕುವವರು ನಾನು ಮತ್ತು ಇತ್ತಲಾರ್ ಕಡೆಯ ಇಬ್ಬರು ಹೆಂಗಸರು. ಅಮ್ಮ ಶೆಡ್ಡಿನ ಬಾಗಿಲ ಬಳಿ ಬಿಸಿಲು ಬೀಳುವ ಜಾಗ ಹಿಡಿದು ಕೂತು ನಮಗೆಲ್ಲ ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದಳು. ಅಮ್ಮನ ಸ್ವೆಟರಿಗೆ ಯಾವಾಗಲೂ ಎರಡು ಆಳವಾದ ಜೇಬು ಇರುತ್ತಿದ್ದವು.

ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಹೇಳಬೇಕು, ಓದದೆ ಹಾರಿಸಬೇಡಿ. ಬ್ಯಾಟರಿಯ ಸಣ್ಣ ಕರೆಂಟನ್ನು ಒಳಗೇ ದೊಡ್ಡದು ಮಾಡಿ, ಕಣ್ಣು ಮಿಟುಕಿಸುವಷ್ಟು ಹೊತ್ತು ತಂತಿಗೆ ಬಿಡಬೇಕು. ಹಿಡಿಯಬೇಕು, ಮತ್ತೆ ಬಿಡಬೇಕು. ಮುಟ್ಟಿದ ಆನೆ ಸಾಯುವುದಿಲ್ಲ, ಆದರೆ ಇನ್ನೊಮ್ಮೆ ಮುಟ್ಟುವ ಮನಸ್ಸು ಮಾಡುವುದಿಲ್ಲ. ಈ ಕೆಲಸವನ್ನೆಲ್ಲ ಮಾಡುವುದು ಒಂದು ಟ್ರಾನ್ಸಿಸ್ಟರ್. ಆಗ ಅದರಲ್ಲಿ ಎರಡು ಜಾತಿ ಇದ್ದವು. ಹಳೆಯದು ಲೋಹದ ಟೋಪಿ ಹಾಕಿಕೊಂಡಂಥದ್ದು, ದಪ್ಪ, ಒರಟು. ಅದು ತೆರೆದುಕೊಂಡಿರಬೇಕಾದರೆ ಕರೆಂಟನ್ನು ತಿನ್ನಿಸುತ್ತಲೇ ಇರಬೇಕು, ಹಾಗಾಗಿ ಬ್ಯಾಟರಿ ಬೇಗ ಖಾಲಿ. ಹೊಸದರ ಹೆಸರು ಮಾಸ್‌ಫೆಟ್. ಮೂರು ಕಾಲಿನ ಚಪ್ಪಟೆ ಕರಿ ತುಂಡು. ಅದಕ್ಕೆ ತಿನ್ನಿಸುವುದೇ ಬೇಡ, ಕರೆಂಟು ಬಾಗಿಲ ಮುಂದೆ ಬಂದು ನಿಂತರೆ ಸಾಕು, ತಾನೇ ತೆರೆಯುತ್ತದೆ. ಒಳಗೆ ಗಾಜಿನಂಥ ಒಂದು ಪೊರೆ ಇರುತ್ತದೆ, ಉಸಿರಿಗಿಂತ ತೆಳುವಾದದ್ದು. ಇಡೀ ಚಮತ್ಕಾರ ಆ ಪೊರೆಯಲ್ಲಿದೆ.

ಅಣ್ಣನಿಗೆ ಸಾಮಾನು ಕೊಡುತ್ತಿದ್ದವರು ಕೊಯಮತ್ತೂರಿನ ಒಬ್ಬ ಅಂಗಡಿಯವರು. ಹೊರದೇಶದ ಕಾರ್ಖಾನೆಗಳು ಹೊಸದನ್ನು ಮಾಡಲು ಒಬ್ಬರ ಮೇಲೊಬ್ಬರು ಬಿದ್ದು ಓಡುತ್ತಿವೆ, ಹಳೆಯದನ್ನು ಮಾಡುವ ಯಂತ್ರಗಳನ್ನು ಕಳಚಿ ಮೂಲೆಗೆ ಹಾಕುತ್ತಿದ್ದಾರೆ, ಇನ್ನು ಸ್ವಲ್ಪ ಕಾಲಕ್ಕೆ ಟೋಪಿಯವು ಸಿಕ್ಕುವುದೇ ಇಲ್ಲ ಎಂದು ಅವರು ಪ್ರತಿ ಸಲವೂ ಹೇಳುತ್ತಿದ್ದರು. ಆ ಓಟ ಎಲ್ಲೋ ಸಮುದ್ರದಾಚೆ ನಡೆದಿತ್ತು. ಅದರ ಒಂದು ತುಂಡು ನಮ್ಮ ಶೆಡ್ಡಿಗೂ ಬಂದು ಬಿತ್ತು.

ಅದುವರೆಗೆ ಅಣ್ಣನಿಗೆ ಒಬ್ಬ ಪಾಲುದಾರರಿದ್ದರು. ಗೂಡಲೂರಿನ ಮಲೆಯಾಳಿ, ವಯಸ್ಸಿನಲ್ಲಿ ಹಿರಿಯರು, ನಾವೆಲ್ಲ ಅವರ ಭಾಷೆಯಲ್ಲೇ ಚೇಟ್ಟ, ಅಂದರೆ ಅಣ್ಣ, ಎನ್ನುತ್ತಿದ್ದೆವು. ತಂತಿಯ ಸುರುಳಿ ಸುತ್ತುವುದರಲ್ಲಿ ಅವರ ಕೈ ಬಲು ಗಟ್ಟಿ. ಹೊಸ ಟ್ರಾನ್ಸಿಸ್ಟರನ್ನು ಅವರು ಎರಡು ಬೆರಳಲ್ಲಿ ಹಿಡಿದು ನೋಡಿ, ನನ್ನ ಕಡೆ ತಿರುಗಿ, "ಮೋಳೆ, ಇದು ಬಿಸ್ಕತ್ತು. ಚಾಯಕ್ಕೆ ಅದ್ದಿ ತಿನ್ನಲಿಕ್ಕೆ ಒಳ್ಳೇದು" ಎಂದಿದ್ದರು. ಮೋಳೆ ಎಂದರೆ ಅವರ ಭಾಷೆಯಲ್ಲಿ ಮಗಳೇ ಎಂದು.

ಅಣ್ಣ ಸುಮ್ಮನಿರುವವನಲ್ಲ. "ನಿನ್ನ ಪೆಟ್ಟಿಗೆ ಹೊರೋದಕ್ಕೆ ಒಂದು ಆನೆ ಬೇಕು ಚೇಟ್ಟ. ಆಮೇಲೆ ಆ ಆನೆ ಓಡಿಸೋದಕ್ಕೆ ಇನ್ನೊಂದು ಪೆಟ್ಟಿಗೆ ಬೇಕು."

"ಹೊತ್ತರೆ ಬೆನ್ನು ನೋಯ್ತದೆ, ಅಷ್ಟೇ ಅಲ್ಲವಾ?" ಎಂದರು ಚೇಟ್ಟ.

ನಗುನಗುತ್ತಲೇ ಶುರುವಾದ ಜಗಳ. ಮಳೆಗಾಲ ಮುಗಿಯುವಷ್ಟರಲ್ಲಿ ಚೇಟ್ಟ ತಮ್ಮ ಸುರುಳಿ ಸುತ್ತುವ ಮೆಷಿನ್ನನ್ನು ಜೀಪಿಗೆ ಹಾಕಿಕೊಂಡು ಗೂಡಲೂರಿಗೆ ಇಳಿದುಹೋದರು. ಅಲ್ಲಿ ಟೋಪಿಯ ಪೆಟ್ಟಿಗೆ, ಇಲ್ಲಿ ಬಿಸ್ಕತ್ತಿನ ಪೆಟ್ಟಿಗೆ. ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ, ಹಳೆಯದೇ ಚೆನ್ನ ಎಂದು ಹಾಡುವವಳು ನಾನಲ್ಲ. ಹೊಸದು ನಿಜವಾಗಿಯೂ ಒಳ್ಳೆಯದು. ಹಗುರ, ಬ್ಯಾಟರಿ ಬಾಳುತ್ತದೆ, ಹೊಡೆತ ಜೋರು. ಈವತ್ತು ಎಲ್ಲರ ಮನೆಯ ಇನ್ವರ್ಟರಿನ ಒಳಗೂ ಅದೇ ಕೂತಿದೆ.

ಈಗ ಅಕ್ಕನ ವಿಷಯ. ಅಣ್ಣನಿಗಿಂತಲೂ ದೊಡ್ಡವಳಾದ ನಮ್ಮಕ್ಕನನ್ನು ಮಸಿನಗುಡಿಯ ಆಚೆ ಕಾಡಂಚಿನ ಒಂದು ಊರಿಗೆ ಕೊಟ್ಟಿತ್ತು. ಭಾವನಿಗೆ ನಾಲ್ಕಾರು ಹಸು, ಸ್ವಲ್ಪ ರಾಗಿ ಹೊಲ. ಮನೆ ಊರಿನ ಕಟ್ಟಕಡೆಗೆ, ಅಂಗಳ ದಾಟಿದರೆ ಕುರುಚಲು ಕಾಡು. ಹಿಂದಿನ ಬೇಸಿಗೆಯಲ್ಲಿ ಒಂದು ಒಂಟಿ ಸಲಗ ಬಂದು ಜಗಲಿಗೆ ತಾಗಿದ ಅಡುಗೆಮನೆಯ ಗೋಡೆಗೆ ಹಣೆ ಕೊಟ್ಟು ತಳ್ಳಿ, ಉಪ್ಪಿನ ಜಾಡಿಯನ್ನೂ ರಾಗಿಹಿಟ್ಟನ್ನೂ ತೆಗೆದುಕೊಂಡು ಹೋಗಿತ್ತು. ಅಕ್ಕ ಆಗ ಕೊಟ್ಟಿಗೆಯಲ್ಲಿದ್ದಳು, ಉಳಿದಳು. ಗೋಡೆಯನ್ನು ತಾನೇ ಮಣ್ಣು ಕಲಸಿ ಎಬ್ಬಿಸಿದಳು. ಸುದ್ದಿ ಕೇಳಿ ನಾವೆಲ್ಲ ಹೋಗಿದ್ದಾಗ ಭಾವ ನಮ್ಮ ಮುಂದೆಯೇ ಹೇಳಿದ್ದ:

"ಇನ್ನೊಂದು ಸಾರಿ ಒಳಕ್ಕೆ ಬಂದ್ರೆ ಮುಗೀತು ಕಣೆ. ಹಸ ಹೊಡ್ಕೊಂಡು ಗುಂಡ್ಲುಪೇಟೆ ಕಡೆ ಹೊಂಟೋಗದೆ. ನಿನ್ನ ಗೋಡೆ ನೀನೇ ತಬ್ಕೊಂಡು ಕೂತ್ಕೊ."

"ಬರಲ್ಲ. ನನ್ನ ತಮ್ಮ ಬೇಲಿ ಹಾಕ್ತಾನೆ" ಎಂದಳು ಅಕ್ಕ.

ಅಕ್ಕನಿಗೆ ಆ ಮನೆ ಎಂದರೆ ಜೀವ. ಊಟಿಯಲ್ಲಿ ನಾವು ಬಾಡಿಗೆ ಕೋಣೆಗಳಲ್ಲೇ ಬೆಳೆದವರು, ತನ್ನದು ಎನ್ನುವ ಗೋಡೆ ಅವಳಿಗೆ ಸಿಕ್ಕಿದ್ದು ಅಲ್ಲಿಯೇ.

ಊರಿನವರು ಸೇರಿ ಕಾಡಂಚಿನುದ್ದಕ್ಕೂ ಬೇಲಿ ಹಾಕಿಸುವುದೆಂದು ತೀರ್ಮಾನಿಸಿದರು. ತಾನೇ ಹಾಕಿಕೊಡುತ್ತೇನೆ ಎಂದು ಚೇಟ್ಟನೂ ಬಂದು ಹೇಳಿದರು, ಅಣ್ಣನೂ ಬಂದು ಹೇಳಿದ. ಯಾರು ಪೂರ್ತಿ ಸಾಲಿಗೆ ಬೇಕಾದ ಪೆಟ್ಟಿಗೆಗಳನ್ನು ಮೊದಲು ತಂದಿಳಿಸುತ್ತಾರೋ ಅವರದೇ, ಬೇಸಿಗೆಗೆ ಮುಂಚೆ ಆಗಬೇಕು ಎಂದರು ಹಿರಿಯರು. ಕೆಲವರಿಗೆ ಚೇಟ್ಟನ ಕಡೆ ಮನಸ್ಸಿತ್ತು. ಅಕ್ಕ ಮನೆಮನೆಗೆ ಹೋಗಿ, ನನ್ನ ತಮ್ಮನ ಪೆಟ್ಟಿಗೆಗೆ ಕಾಯಿರಿ, ಅದರ ಭಾರ ನನ್ನ ಮೇಲಿರಲಿ ಎಂದು ಹೇಳಿಬಂದಳು.

ಹೀಗೆ ಓಟ ಶುರುವಾದದ್ದು ಜನವರಿಯಲ್ಲಿ. ಆ ವರ್ಷ ಊಟಿಯಲ್ಲಿ ಬಿದ್ದ ಹಿಮ ನನಗೆ ಇನ್ನೂ ನೆನಪಿದೆ. ಬೆಳಿಗ್ಗೆ ಹುಲ್ಲು ಬೆಳ್ಳಗಾಗಿರುತ್ತಿತ್ತು, ಆಲೂಗಡ್ಡೆ ಗಿಡಗಳೆಲ್ಲ ಸುಟ್ಟಂತೆ ಕರಿಯಾಗಿದ್ದವು. ಗಾಳಿಯಲ್ಲಿ ತೇವವೇ ಇಲ್ಲ, ತುಟಿ ಒಡೆದು ನಗಲು ಆಗುತ್ತಿರಲಿಲ್ಲ. ತಗಡಿನ ಶೆಡ್ಡು ಒಳಗಿನಿಂದ ಕಣಕಣ ಎನ್ನುತ್ತಿತ್ತು.

ಇಂಥ ಚಳಿಗೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ತಣ್ಣಗಿನ ಲೋಹಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹಿಡಿದರೂ ಆಮೇಲೆ ಬಿರುಕು ಬಿಡುತ್ತದೆ. ಹಾಗಾಗಿ ರೇಡಿಯೋ ಕಾಲದಿಂದಲೂ ಬೆಳಿಗ್ಗೆ ಬಂದ ಕೂಡಲೇ ಟ್ರಾನ್ಸಿಸ್ಟರುಗಳನ್ನು ಹಿಡಿ ತುಂಬ ತೆಗೆದು ಸ್ವೆಟರಿನ ಜೇಬಿಗೆ ಹಾಕಿಕೊಳ್ಳುವುದು. ಮೈ ಶಾಖಕ್ಕೆ ಅವು ಬೆಚ್ಚಗಾದ ಮೇಲೆ ಒಂದೊಂದೇ ತೆಗೆದು ಬೆಸೆಯುವುದು. ಊಟಿಯ ಯಾವ ರಿಪೇರಿ ಅಂಗಡಿಯಲ್ಲಿ ನೋಡಿದರೂ ಹೀಗೇ. ಅಮ್ಮ ಜೇಬುಗಳನ್ನು ಆಳವಾಗಿ ಹೆಣೆಯುತ್ತಿದ್ದದ್ದೂ ಅದಕ್ಕೇ. ಹೊಸವು ಬಂದಾಗ ಅವುಗಳಿಗೂ ಅದೇ ಜೇಬು. ಇವಕ್ಕೆ ಬಿಸಿ ಬೇಕೇ ಬೇಡವೇ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಅವು ಬರುತ್ತಿದ್ದದ್ದು ಒಂದು ಕಪ್ಪು ಸ್ಪಂಜಿಗೆ ಕಾಲು ಚುಚ್ಚಿಕೊಂಡು. ನಾವು ಕಿತ್ತು ಜೇಬಿಗೆ ಹಾಕಿ ಸ್ಪಂಜನ್ನು ಎಸೆಯುತ್ತಿದ್ದೆವು. ಅಮ್ಮ ಅದನ್ನು ಆಯ್ದು ತನ್ನ ಹೆಣಿಗೆ ಸೂಜಿಗಳನ್ನು ಚುಚ್ಚಿಡಲು ಇಟ್ಟುಕೊಂಡಳು. "ಚಲೋ ಇದೆ ಇದು, ಇನ್ನೂ ಇದ್ದರೆ ಕೊಡಿ" ಎನ್ನುತ್ತಿದ್ದಳು.

ಸಂಜೆ ಸ್ವೆಟರ್ ಕಳಚುವಾಗ ಚಟಚಟ ಸದ್ದಾಗುತ್ತಿತ್ತು. ಮಬ್ಬಿನಲ್ಲಿ ನೀಲಿ ಕಿಡಿ ಕಾಣುತ್ತಿತ್ತು. ಇತ್ತಲಾರಿನವಳೊಬ್ಬಳು ಬಾಗಿಲ ಚಿಲಕ ಮುಟ್ಟಿ ಕೈ ಎಳೆದುಕೊಂಡು, "ಕಚ್ಚುತು ನೋಡು" ಎಂದಳು.

"ಹಾಗಾದ್ರೆ ಪೆಟ್ಟಿಗೆ ಯಾಕೆ, ನಿನ್ನನ್ನೇ ಬೇಲಿಗೆ ಕಟ್ಟೋಣ" ಎಂದ ಅಣ್ಣ.

ಎಲ್ಲರೂ ನಕ್ಕೆವು, ತುಟಿ ಉರಿಯಿತು. ಅದು ಏನು ಎಂದು ನಮಗೆ ಹೊಳೆಯಲಿಲ್ಲ.

ಎಲ್ಲ ಪೆಟ್ಟಿಗೆಗಳೂ ಟೆಸ್ಟಿನಲ್ಲಿ ಪಾಸಾದವು. ಅಣ್ಣ ಅವುಗಳನ್ನು ಜೀಪಿನಲ್ಲಿ ಹೇರಿಕೊಂಡು ಕಲ್ಲಟ್ಟಿ ಘಾಟಿ ಇಳಿಸಿದ. ಚೇಟ್ಟ ಇನ್ನೂ ಸುರುಳಿ ಸುತ್ತುತ್ತಲೇ ಇದ್ದರು. ಊರಿನವರು ಅಣ್ಣನಿಗೆ ಹಾರ ಹಾಕಿದರು. ಕೊನೆಯ ಪೆಟ್ಟಿಗೆಯನ್ನು ಅಕ್ಕನ ಜಗಲಿಯ ಗೋಡೆಗೇ ಹಾಕಿದ್ದು, ಅವಳು ಎಬ್ಬಿಸಿದ ಗೋಡೆಗೇ. ಸ್ವಿಚ್ಚು ಒತ್ತಿದಾಗ ಟಿಕ್ ಎಂದಿತು. ಅಕ್ಕ ಅದಕ್ಕೆ ಕುಂಕುಮ ಇಟ್ಟಳು.

ಸಂಜೆ ಸಲಗ ಬಂತು. ತಂತಿಯಿಂದ ಸ್ವಲ್ಪ ಆಚೆ ನಿಂತು ಸೊಂಡಿಲೆತ್ತಿ ಗಾಳಿ ನೋಡಿತು. ಒಂದು ಸಲ ಮುಟ್ಟಿತು, ಕಿರುಚಿ ಹಿಂದಕ್ಕೆ ಹೋಯಿತು. ಆಮೇಲಿನ ದಿನಗಳಲ್ಲಿ ಮುಟ್ಟಲಿಲ್ಲ. ಆದರೆ ಬರುವುದನ್ನು ನಿಲ್ಲಿಸಲಿಲ್ಲ. ಹೊತ್ತು ಇಳಿಯುವಾಗ ಬಂದು, ಅದೇ ಜಾಗದಲ್ಲಿ, ಕಿವಿ ಅಲ್ಲಾಡಿಸದೆ ನಿಂತುಕೊಂಡು ಹೋಗುತ್ತಿತ್ತು. ತೆಪ್ಪಕಾಡಿನ ಆನೆ ಕ್ಯಾಂಪಿನಲ್ಲಿ ಕೆಲವು ಕಾಲ ಮೇವು ಸಾಗಿಸಿದವನು ಭಾವ.

"ಕಿವಿ ಆಡುಸ್ದೆ ನಿಂತದೆ ಅಂದ್ರೆ ಕೇಳ್ತಾ ಅದೆ ಅಂತ. ಪೆಟ್ಟಿಗೆ ಸದ್ದು ಕೇಳ್ತಾ ಅದೆ" ಎಂದ ಅವನು.

"ಕೇಳ್ಕೊಂಡು ಹೋಗ್ಲಿ. ಕೇಳೋದಕ್ಕೆ ಕಾಸಾ?" ಎಂದಳು ಅಕ್ಕ.

ಬೇಸಿಗೆ ಏರುತ್ತಿದ್ದಂತೆ ಮೊದಲು ರಸ್ತೆ ಕಡೆಯ ಪೆಟ್ಟಿಗೆ ನಿಂತಿತು. ಬ್ಯಾಟರಿಯ ನೀರು ಬತ್ತಿರಬೇಕು ಎಂದು ಬದಲಾಯಿಸಿದರು. ಹೊಸ ಬ್ಯಾಟರಿಯನ್ನೂ ಅದು ಕುಡಿದು ಹಾಕಿತು. ಅಣ್ಣ ಇಳಿದು ಬಂದು ಬಿಚ್ಚಿ ನೋಡಿದರೆ ಟ್ರಾನ್ಸಿಸ್ಟರ್ ಸತ್ತು ಹೋಗಿತ್ತು. ಒಂದು ಕೆಟ್ಟ ಪೀಸು ಇದ್ದೇ ಇರುತ್ತದೆ ಎಂದು ಜೇಬಿನಿಂದ ಇನ್ನೊಂದನ್ನು ತೆಗೆದು ಹಾಕಿದ. ಗಮನಿಸಿದಿರಾ, ಜೇಬಿನಿಂದ. ಕೆಲವೇ ದಿನಗಳಲ್ಲಿ ಅದೂ ಹೋಯಿತು. ಆಮೇಲೆ ಅದರ ಪಕ್ಕದ ಪೆಟ್ಟಿಗೆ, ಅದಾದ ಮೇಲೆ ಅದರ ಪಕ್ಕದ್ದು. ಯಾರೋ ಬೇಲಿಯುದ್ದಕ್ಕೂ ನಡೆದು ಬಂದು ಒಂದೊಂದೇ ದೀಪ ಊದುತ್ತಿದ್ದಾರೇನೋ ಎನ್ನುವಂತೆ ಸಾಲು ಅಕ್ಕನ ಮನೆಯ ಕಡೆ ಸತ್ತುಕೊಂಡು ಬರುತ್ತಿತ್ತು. ಭಾವ ದಿನಾ ಕೇಳುತ್ತಿದ್ದ, ನಮ್ಮದು ಯಾವಾಗ ಎಂದು. ಅಕ್ಕ ಅವನ ಜೊತೆ ಮಾತು ಬಿಟ್ಟಳು.

ಅಣ್ಣ ಎಸ್‌ಟಿಡಿ ಬೂತಿನಿಂದ ಕೊಯಮತ್ತೂರಿಗೆ ಫೋನ್ ಹಾಕಿದ. ನಾನು ಬೂತಿನೊಳಗೆ ಅವನ ಪಕ್ಕಕ್ಕೆ ಒತ್ತಿ ನಿಂತಿದ್ದೆ, ಅಂಗಡಿಯವರ ದನಿ ಹೊರಗೂ ಕೇಳುತ್ತಿತ್ತು. ಅವರು ಸರ್ಕ್ಯೂಟ್ ಬಗ್ಗೆ ಒಂದೂ ಕೇಳಲಿಲ್ಲ.

"ಬೆಸೆಯುವಾಗ ಏನು ಹಾಕ್ಕೊಂಡಿದ್ರಿ?" ಎಂದರು.

"ಸ್ವೆಟರ್" ಎಂದ ಅಣ್ಣ. "ಊಟಿ ಅಲ್ಲವಾ ಸಾರ್. ಇನ್ನೇನು ಬನಿಯನ್ನಾ?"

"ಪೀಸುಗಳನ್ನ ಸ್ಪಂಜಿಂದ ತೆಗೆದು ಎಲ್ಲಿಟ್ರಿ?"

"ಜೇಬಲ್ಲಿ. ಬೆಚ್ಚಗಾಗ್ಲಿ ಅಂತ."

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಒಣ ಚಳಿಯಲ್ಲಿ ಉಣ್ಣೆ ಉಜ್ಜಿದರೆ ಹುಟ್ಟುವ ಕಿಡಿ ಆ ಒಳಗಿನ ಪೊರೆಯನ್ನು ತೂತು ಮಾಡುತ್ತದೆ. ಕೆಲವು ತಕ್ಷಣ ಸಾಯುತ್ತವೆ. ಕೆಲವಕ್ಕೆ ಗಾಯವಾಗಿರುತ್ತದೆ, ಅಷ್ಟೇ. ಅವು ಟೆಸ್ಟಿನಲ್ಲಿ ಪಾಸಾಗುತ್ತವೆ, ಕೆಲಸ ಮಾಡುತ್ತವೆ, ಒಂದು ದಿನ ನಿಲ್ಲುತ್ತವೆ. ಆ ಕಪ್ಪು ಸ್ಪಂಜು ಇದ್ದದ್ದೇ ಆ ಕಿಡಿ ತಾಗದಿರಲಿ ಎಂದು.

"ಯಾವುದಕ್ಕೆ ಗಾಯ ಆಗಿದೆ ಅಂತ ನೋಡೋದು ಹೇಗೆ?" ಎಂದು ಕೇಳಿದ ಅಣ್ಣ.

"ನೋಡೋಕಾಗಲ್ಲಪ್ಪ. ಕಾಯಬೇಕು."

ಅಣ್ಣ ಫೋನಿಟ್ಟ. ನಾವಿಬ್ಬರೂ ಮನಸ್ಸಿನಲ್ಲಿ ಒಂದೇ ಗೋಡೆಯನ್ನು ನೋಡುತ್ತಿದ್ದೆವು ಎಂದು ನನಗೆ ಗೊತ್ತಾಯಿತು.

ಹೊಸ ಪೀಸುಗಳು ಕೊಯಮತ್ತೂರಿನಿಂದ ಬರಲು ಸಮಯ ಬೇಕಿತ್ತು. ಅಲ್ಲಿಯವರೆಗೆ ಚೇಟ್ಟನ ಟೋಪಿ ಪೆಟ್ಟಿಗೆ ಒಂದಾದರೂ ಸಿಕ್ಕರೆ ಅಕ್ಕನ ಮನೆಗೆ ಹಾಕಬಹುದು ಎಂದು ನಾವು ಗೂಡಲೂರಿಗೆ ಬಸ್ಸು ಹತ್ತಿದೆವು. ಅವರ ಅಂಗಡಿಯಲ್ಲಿ ಮಿಕ್ಸಿಗಳೂ ಹರಿದ ಕೊಡೆಗಳೂ ರಿಪೇರಿಗೆ ಬಂದು ಬಿದ್ದಿದ್ದವು. ಸುರುಳಿ ಸುತ್ತುವ ಮೆಷಿನ್ನು ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ತೂತು.

ಅಣ್ಣ ಎಲ್ಲವನ್ನೂ ಹೇಳಿದ. ಚೇಟ್ಟ ನಗುತ್ತಾರೆ, ಬಿಸ್ಕತ್ತು ಎನ್ನುತ್ತಾರೆ ಎಂದು ನಾನು ತಲೆ ತಗ್ಗಿಸಿಕೊಂಡಿದ್ದೆ. ಅವರು ನಗಲಿಲ್ಲ.

"ಮೆಷಿನ್ನು ಪಂದಲೂರಿನವನಿಗೆ ಕೊಟ್ಟೆ. ಮಾಡಿದ ಪೆಟ್ಟಿಗೆಗಳನ್ನ ತಾಮ್ರಕ್ಕೆ ಅಂತ ಒಡೆದು ಹಾಕಿದೆ. ನೀನು ಮುಂದೆ ಹೋದಮೇಲೆ ಅದನ್ನ ಯಾರು ಕೇಳ್ತಾರೆ?" ಎಂದರು. ಆಮೇಲೆ ನನ್ನನ್ನು ನೋಡಿ, "ಮೋಳೆ, ನಿನ್ನ ಅಕ್ಕ ಇರೋದು ಅಲ್ಲೇ ಅಲ್ಲವಾ? ಕೊನೆ ಮನೆ?"

ನಾನು ಹೂಂ ಎಂದೆ.

"ಹಾಗಾದರೆ ಇಲ್ಲಿ ಯಾಕೆ ಕೂತಿದ್ದೀರಿ?"

ಅಣ್ಣ ಅಲ್ಲಿಂದಲೇ ಕೊಯಮತ್ತೂರಿಗೆ ಹೊರಟ. ನಾನು ಮಸಿನಗುಡಿಯ ಬಸ್ಸು ಹಿಡಿದೆ. ಅಕ್ಕನ ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಪೆಟ್ಟಿಗೆ ಟಿಕ್, ಟಿಕ್ ಎನ್ನುತ್ತಿತ್ತು. ಸಾಲಿನಲ್ಲಿ ಉಳಿದಿದ್ದದ್ದು ಅದೊಂದೇ. ಭಾವ ಹಸುಗಳನ್ನು ಹೊಡೆದುಕೊಂಡು ಬರಲು ಹೋಗಿದ್ದ. ನಾನು ಅಕ್ಕನಿಗೆ ಹೇಳಿದೆ, ಅದಕ್ಕೂ ಗಾಯವಾಗಿರಬಹುದು, ಈವತ್ತು ರಸ್ತೆ ಕಡೆಯ ಯಾರದಾದರೂ ಮನೆಗೆ ಹೋಗಿ ಇರೋಣ ಎಂದು.

ಅಕ್ಕ ಅಲಸಂದೆಕಾಯಿ ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಈಗ ಕೂಗ್ತಾ ಇದೆಯಲ್ಲ?" ಎಂದಳು.

"ಕೂಗ್ತಾ ಇದೆ."

"ಮತ್ತೆ? ಕೂಗ್ತಾ ಇರೋದನ್ನ ಬಿಟ್ಟು ನಾನು ಹೋಗಲ್ಲ. ನಾನು ಹೋದೆ ಅಂದ್ರೆ ನಿನ್ನ ಭಾವ ನಾಳೆ ಲಾರಿ ತರ್ತಾನೆ."

ನಾವಿಬ್ಬರೂ ಜಗಲಿಯಲ್ಲಿ ಕೂತೆವು. ಬಿಸಿಲು ಕೆಂಪಗಾಯಿತು. ಭಾವ ಹಸುಗಳ ಜೊತೆ ಬಂದ, ಕಟ್ಟಿದ, ನನ್ನ ಮುಖ ನೋಡಿ ಗೋಡೆಗೆ ಒರಗಿ ನಿಂತ. ಸಲಗ ಕುರುಚಲಿನಿಂದ ಹೊರಗೆ ಬಂದು ತನ್ನ ಜಾಗದಲ್ಲಿ ನಿಂತಿತು. ಎಷ್ಟು ದೊಡ್ಡದೆಂದರೆ ಅದರ ಹಿಂದಿನ ಬೆಟ್ಟ ಕಾಣುತ್ತಿರಲಿಲ್ಲ. ಕಿವಿ ಅಲ್ಲಾಡಲಿಲ್ಲ.

ನಮ್ಮ ನಾಲ್ವರಲ್ಲಿ ಯಾರೂ ಅಲ್ಲಾಡಲಿಲ್ಲ. ಹೌದು, ನಾಲ್ವರು ಎಂದೇ ಬರೆಯುತ್ತೇನೆ. ಎಲ್ಲರೂ ಒಂದೇ ಸದ್ದನ್ನು ಕೇಳುತ್ತಿದ್ದೆವು.

ಟಿಕ್ ಎಂದಿತು. ಟಿಕ್ ಎಂದಿತು. ಆಮೇಲೆ ಮುಂದಿನದು ಬರಲಿಲ್ಲ.

ನಾನು ಕಾದೆ. ಅಕ್ಕನ ಕೈಯಿಂದ ಕಾಯಿ ಜಾರಿತು. ಸಲಗವೂ ಕಾಯಿತು, ನನ್ನಾಣೆ, ನಮಗಿಂತ ಹೆಚ್ಚು ಹೊತ್ತು ಕಾಯಿತು. ಆಮೇಲೆ ಒಂದು ಕಾಲೆತ್ತಿ ಕಂಬದ ಮೇಲಿಟ್ಟು ಒತ್ತಿತು. ಕಂಬ ಮಲಗಿತು. ತಂತಿಗಳ ಮೇಲೆ ಕಾಲಿಟ್ಟು ಒಳಗೆ ಬಂತು.

ಭಾವ ನಮ್ಮಿಬ್ಬರನ್ನೂ ರಟ್ಟೆ ಹಿಡಿದು ಒಳಗೆ ಎಳೆದ. ಡಬ್ಬ ಬಡಿಯಲಿಲ್ಲ, ಕೂಗಲಿಲ್ಲ. ಗೋಡೆಯ ಆಚೆ ಅದರ ಹೊಟ್ಟೆಯ ಗುಡುಗುಡು ಕೇಳಿಸುತ್ತಿತ್ತು. ಅದು ಗೋಡೆಯನ್ನು ಮುಟ್ಟಲಿಲ್ಲ. ಉಪ್ಪು ಹುಡುಕಲಿಲ್ಲ, ಹಸುಗಳ ಕಡೆ ನೋಡಲಿಲ್ಲ. ಅಂಗಳದ ನಡುವೆ ನಿಧಾನವಾಗಿ ನಡೆದು, ರಾಗಿ ಹೊಲ ದಾಟಿ, ಆ ತುದಿಯ ತಂತಿಯನ್ನೂ ತುಳಿದು ಹೊಳೆಯ ಕಡೆ ಹೋಯಿತು. ತನ್ನ ದಾರಿ ಎಲ್ಲಿದೆಯೋ ಅಲ್ಲಿ ನಡೆದಂತೆ. ಗೋಡೆ ಕೆಡವಿದ್ದರೆ ಅಕ್ಕ ಮತ್ತೆ ಎಬ್ಬಿಸುತ್ತಿದ್ದಳೇನೋ.

ಭಾವ ಬಾಗಿಲು ತೆರೆದು ಅಂಗಳದ ಹೆಜ್ಜೆಗಳನ್ನು ನೋಡಿದ. "ಬಂತಲ್ಲ" ಎಂದ, ಅಷ್ಟೇ.

ಅಕ್ಕ ಚೆಲ್ಲಿದ ಅಲಸಂದೆಕಾಳನ್ನು ಆರಿಸಲು ಕೂತಳು.

ಮರುದಿನ ಅಣ್ಣ ಬಂದಾಗ ಲಾರಿ ನಿಂತಿತ್ತು, ಹಸುಗಳನ್ನು ಹತ್ತಿಸಿ ಆಗಿತ್ತು. ಅವನು ಬರೀ ಹತ್ತಿಯ ಅಂಗಿಯಲ್ಲಿದ್ದ. ಮೈಯ ಕಿಡಿ ನೆಲಕ್ಕಿಳಿಯಲೆಂದು ಕೈಗೆ ಒಂದು ತಾಮ್ರದ ತಂತಿ ಸುತ್ತಿ ಅದರ ತುದಿಯನ್ನು ನೆಲಕ್ಕೆ ಹೂತು, ಕಪ್ಪು ಸ್ಪಂಜಿನಿಂದ ಒಂದು ಪೀಸನ್ನು ತೆಗೆದು ಬೆಸೆದ. ಪೆಟ್ಟಿಗೆ ಕೂಗಿತು.

"ಅಕ್ಕ, ಇನ್ನು ನಿಲ್ಲಲ್ಲ. ಇದು ನಿಲ್ಲಲ್ಲ" ಎಂದ ಅವನು.

ಭಾವ ಲಾರಿಯ ಮೇಲಿಂದಲೇ ಹೇಳಿದ. "ಅದಕ್ಕೆ ಕಂಬ ತುಳಿಯದು ಗೊತ್ತಾಗ್ಬುಡ್ತು ಕಣಪ್ಪ. ಕಂಬಕ್ಕೆ ನಿನ್ನ ಕರೆಂಟು ಬರಕಿಲ್ಲ."

ಅಕ್ಕ ಒಂದು ಬಟ್ಟೆಯಿಂದ ಪೆಟ್ಟಿಗೆಯ ಮೇಲಿನ ಧೂಳನ್ನು ಒರೆಸಿದಳು. ಅವಳು ಇಟ್ಟಿದ್ದ ಕುಂಕುಮ ಇನ್ನೂ ಇತ್ತು, ಅದನ್ನು ಒರೆಸಲಿಲ್ಲ. "ಆಫ್ ಮಾಡಬೇಡ. ಕೂಗ್ಲಿ" ಎಂದು ತಮ್ಮನಿಗೆ ಹೇಳಿ ಲಾರಿ ಹತ್ತಿದಳು.

ನಾನೂ ಅಣ್ಣನೂ ಊಟಿಯ ಬಸ್ಸಿಗಾಗಿ ರಸ್ತೆಯವರೆಗೆ ನಡೆದೆವು. ಹೊತ್ತು ಇಳಿಯುತ್ತಿತ್ತು. ಹಿಂದೆ ಯಾರೂ ಇಲ್ಲದ ಮನೆಯ ಜಗಲಿಯಲ್ಲಿ ಪೆಟ್ಟಿಗೆ ಟಿಕ್, ಟಿಕ್ ಎನ್ನುತ್ತಲೇ ಇತ್ತು, ಒಂದೂ ತಪ್ಪದೆ. ತಿರುವಿನಲ್ಲಿ ನಿಂತು ನೋಡಿದಾಗ ಸಲಗ ಆಗಲೇ ಅಂಗಳದೊಳಗೆ ಇತ್ತು. ಗೋಡೆಗೆ ಮುಖ ಮಾಡಿ, ಕಿವಿ ಅಲ್ಲಾಡಿಸದೆ, ಹತ್ತಿರದಿಂದ ಕೇಳುತ್ತಿತ್ತು.